ಮುಂಬಯಿಯ ಗ್ಯಾಲರಿಗಳಲ್ಲಿ ಸಮಕಾಲೀನ ಕಲೆ: ಒಂದು ಸಂವಾದ

ಶಿಷ್ಯೆ: ಮುಂಬಯಿಯಲ್ಲಿ ಈ ಕಾಲದ ಕಲೆ ನೋಡಬೇಕು ಎಂದವರಿಗೆಲ್ಲ ಕೊಲಾಬಾ, ಫೋರ್ಟ್, ಕಾಲಾ ಘೋಡಾಗಳ ದಾರಿಯನ್ನೇ ತೋರಿಸುತ್ತಾರೆ. ಅಷ್ಟು ದೊಡ್ಡ ಊರಿನ ಮುಖ್ಯ ಗ್ಯಾಲರಿಗಳು ದಕ್ಷಿಣದ ಆ ತುದಿಗೇ ಬಂದು ಸೇರಿದ್ದು ಹೇಗೆ ಮೇಷ್ಟ್ರೇ?

ಮೇಷ್ಟ್ರು: ಜಹಾಂಗೀರ್ ಆರ್ಟ್ ಗ್ಯಾಲರಿಯಿಂದ ಶುರುಮಾಡಬೇಕು. ಸರ್ ಕಾವಸ್‌ಜಿ ಜಹಾಂಗೀರ್ ಕೊಟ್ಟ ದಾನದಲ್ಲಿ ಕಾಲಾ ಘೋಡಾದ ಆ ಕಟ್ಟಡ ಎದ್ದು, 1952ರಲ್ಲಿ ಬಾಗಿಲು ತೆರೆಯಿತು. ಊರಿಗೊಂದು ಪ್ರದರ್ಶನಾಲಯ ಬೇಕೆಂದು ಅವರ ಬೆನ್ನು ಹತ್ತಿದವರಲ್ಲಿ ಇಬ್ಬರ ಹೆಸರು ಮುಖ್ಯ. ಒಬ್ಬರು ವಿಜ್ಞಾನಿ ಹೋಮಿ ಭಾಭಾ, ಇನ್ನೊಬ್ಬರು ಚಿತ್ರಕಾರ ಕೆ. ಕೆ. ಹೆಬ್ಬಾರ್. ಹೆಬ್ಬಾರರು ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿ, ಜೆ. ಜೆ. ಕಲಾಶಾಲೆಯಲ್ಲಿ ಓದಿ, ಅಲ್ಲೇ ಪಾಠ ಹೇಳಿ, ಮುಂಬಯಿಯಲ್ಲೇ ಬಾಳಿದವರು. ಆ ಊರಿನ ಕಲಾವಿದರಿಗೆ ಒಂದು ಒಳ್ಳೆಯ ಗೋಡೆ ಸಿಕ್ಕಿದ್ದರ ಹಿಂದೆ ನಮ್ಮ ಕರಾವಳಿಯ ಒಬ್ಬರ ಪ್ರಯತ್ನವಿದೆ. ಅದನ್ನು ನಾವು ನೆನೆಯುವುದು ಕಡಿಮೆ.

ಶಿಷ್ಯೆ: ಆದರೆ ಜಹಾಂಗೀರ್ ವ್ಯಾಪಾರದ ಗ್ಯಾಲರಿ ಅಲ್ಲವಲ್ಲ?

ಮೇಷ್ಟ್ರು: ಅಲ್ಲ, ಅದು ಬಾಡಿಗೆಯ ಗ್ಯಾಲರಿ. ಕಲಾವಿದರು ಅರ್ಜಿ ಹಾಕಿ, ಸರದಿಗಾಗಿ ವರ್ಷಗಟ್ಟಲೆ ಕಾದು, ಬಾಡಿಗೆ ಕಟ್ಟಿ, ಸಾಮಾನ್ಯವಾಗಿ ಒಂದು ವಾರದ ಮಟ್ಟಿಗೆ ಜಾಗ ಪಡೆಯುತ್ತಾರೆ. ಚಿತ್ರ ತರುವುದು, ತೂಗುಹಾಕುವುದು, ಬಂದವರ ಜೊತೆ ಮಾತಾಡುವುದು, ಮಾರುವುದು ಎಲ್ಲ ಅವರದೇ ಹೊಣೆ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಗ್ಯಾಲರಿಗಳಲ್ಲಿ ಕಲಾವಿದರು ಬಾಡಿಗೆ ಕೊಟ್ಟು ಪ್ರದರ್ಶನ ಏರ್ಪಡಿಸುವುದನ್ನು ನೀನು ನೋಡಿದ್ದೀಯ. ವ್ಯಾಪಾರದ ಗ್ಯಾಲರಿಯಲ್ಲಿ ಆಯ್ಕೆ ಗ್ಯಾಲರಿಯವರದು. ಯಾರ ಕೃತಿ ತೋರಿಸಬೇಕು, ಯಾವಾಗ, ಯಾವ ಬೆಲೆಗೆ ಎನ್ನುವುದನ್ನು ಅವರು ಕಲಾವಿದರೊಡನೆ ಕೂತು ತೀರ್ಮಾನಿಸುತ್ತಾರೆ. ಕಲಾವಿದರಿಂದ ಬಾಡಿಗೆ ಕೇಳುವುದಿಲ್ಲ. ಮಾರಾಟವಾದರೆ ಪಾಲು ತೆಗೆದುಕೊಳ್ಳುತ್ತಾರೆ.

ಶಿಷ್ಯೆ: ಆ ಪದ್ಧತಿ ಮುಂಬಯಿಯಲ್ಲಿ ಹೇಗೆ ಶುರುವಾಯಿತು?

ಮೇಷ್ಟ್ರು: ಚೌಕಟ್ಟಿನ ಅಂಗಡಿಯೊಂದರಿಂದ. ಕೇಕೂ ಗಾಂಧಿ ಎಂಬ ಪಾರ್ಸಿ ಯುವಕರು 1940ರ ದಶಕದಲ್ಲಿ ಕೆಮೌಲ್ಡ್ ಎಂಬ ಹೆಸರಿನಲ್ಲಿ ಚಿತ್ರಗಳಿಗೆ ಚೌಕಟ್ಟು ತಯಾರಿಸುವ ಉದ್ಯಮ ನಡೆಸುತ್ತಿದ್ದರು. ನಾಜಿಗಳ ಕಾಟಕ್ಕೆ ಯುರೋಪು ಬಿಟ್ಟು ಮುಂಬಯಿ ಸೇರಿದ್ದ ಚಿತ್ರಕಾರ ವಾಲ್ಟರ್ ಲ್ಯಾಂಗ್‌ಹ್ಯಾಮರ್, ವಿಮರ್ಶಕ ರೂಡಿ ಫಾನ್ ಲೈಡನ್, ಸಂಗ್ರಾಹಕ ಇಮ್ಯಾನುಯೆಲ್ ಶ್ಲೆಸಿಂಗರ್ ಆಗ ಊರಿನ ಯುವ ಕಲಾವಿದರಿಗೆ ದೊಡ್ಡ ಆಸರೆಯಾಗಿದ್ದರು. ಅವರ ಒಡನಾಟದಿಂದ ಕೇಕೂ ಅವರಿಗೆ ಚಿತ್ರಗಳ ಹುಚ್ಚು ಹತ್ತಿತು. ಪ್ರಿನ್ಸೆಸ್ ಸ್ಟ್ರೀಟಿನ ತಮ್ಮ ಅಂಗಡಿಯಲ್ಲಿ ಹೆಬ್ಬಾರ್, ಆರಾ, ರಝಾ, ಹುಸೇನರ ಚಿತ್ರಗಳನ್ನು ಚೌಕಟ್ಟು ಹಾಕಿ ತೂಗುಹಾಕಿದರು. ಚೌಕಟ್ಟು ಕೊಳ್ಳಲು ಬಂದವರ ಕಣ್ಣಿಗೆ ಹೊಸ ಚಿತ್ರಗಳು ಬಿದ್ದವು. ಮುಂದೆ 1963ರಲ್ಲಿ ಕೇಕೂ ಮತ್ತು ಅವರ ಪತ್ನಿ ಖೊರ್ಷೆದ್ ಸೇರಿ ಜಹಾಂಗೀರ್ ಕಟ್ಟಡದ ಮೊದಲ ಮಹಡಿಯಲ್ಲೇ ಗ್ಯಾಲರಿ ಕೆಮೌಲ್ಡ್ ತೆರೆದರು. ಅದೇ ವರ್ಷ ಫ್ಲೋರಾ ಫೌಂಟನ್ ಬಳಿ ಪುಂಡೋಳೆ ಗ್ಯಾಲರಿಯೂ ಬಂತು. ಇವಕ್ಕೂ ಮುಂಚೆ, 1959ರಲ್ಲಿ, ಬಾಲ್ ಛಾಬಡಾ ಗ್ಯಾಲರಿ 59 ನಡೆಸಿದ್ದರು, ಅದು ಬಹಳ ಕಾಲ ಬಾಳಲಿಲ್ಲ.

ಶಿಷ್ಯೆ: ಕೆಮೌಲ್ಡ್ ಈಗಲೂ ಇದೆ ಅಲ್ಲವೇ?

ಮೇಷ್ಟ್ರು: ಇದೆ. 2007ರಲ್ಲಿ ಫೋರ್ಟಿನ ಪ್ರೆಸ್ಕಾಟ್ ರಸ್ತೆಯ ಕ್ವೀನ್ಸ್ ಮ್ಯಾನ್ಶನ್ ಎಂಬ ಹಳೆಯ ಕಟ್ಟಡದ ಮೂರನೆಯ ಮಹಡಿಗೆ ಹೋಯಿತು. ಕೆಮೌಲ್ಡ್ ಪ್ರೆಸ್ಕಾಟ್ ರೋಡ್ ಎಂದೇ ಹೆಸರಿಟ್ಟುಕೊಂಡಿತು. ಈಗ ಅವರ ಮಗಳು ಶಿರೀನ್ ಗಾಂಧಿ ನಡೆಸುತ್ತಾರೆ. ಆ ವಿಳಾಸ ಬದಲಾವಣೆಯನ್ನು ಸಣ್ಣದೆಂದು ತಿಳಿಯಬೇಡ. ಜಹಾಂಗೀರಿನ ಮೇಲಿನ ಕೋಣೆ ಕಿರಿದು, ಕ್ಯಾನ್ವಾಸಿಗೆ ಸಾಕು. ವಿಡಿಯೋ, ಕಬ್ಬಿಣದ ದೊಡ್ಡ ಶಿಲ್ಪ, ಕೋಣೆ ತುಂಬುವ ಪ್ರತಿಷ್ಠಾಪನಾ ಕಲೆ ಇವಕ್ಕೆ ಎತ್ತರದ ಚಾವಣಿ ಬೇಕು, ಕಂಬ ಅಡ್ಡ ಬರದ ಹಜಾರ ಬೇಕು. 2000ದ ನಂತರ ಕಲಾವಿದರು ಕೇಳತೊಡಗಿದ ಜಾಗವೇ ಬೇರೆಯಾಯಿತು. ಆದ್ದರಿಂದಲೇ ಆ ಹೊತ್ತಿನ ಗ್ಯಾಲರಿಗಳು ಕೊಲಾಬಾದ ಹಳೆಯ ಗೋದಾಮು, ಮುದ್ರಣಾಲಯ, ಬ್ರಿಟಿಷರ ಕಾಲದ ವಸತಿ ಕಟ್ಟಡಗಳನ್ನು ಹುಡುಕಿಕೊಂಡವು. ಪ್ರಾಜೆಕ್ಟ್ 88 ಇರುವುದು ಹಳೆಯ ಮುದ್ರಣಾಲಯದ ಹಜಾರದಲ್ಲಿ. ಝವೇರಿ ಕಂಟೆಂಪರರಿ ಇರುವುದು ತಾಜ್ ಹೋಟೆಲಿನ ಹಿಂದಿನ ಮೆರೆವೆದರ್ ರಸ್ತೆಯ ಮಹಡಿಯಲ್ಲಿ. ಕೋಲ್ಕತ್ತದಲ್ಲಿ 2009ರಲ್ಲಿ ಶುರುವಾದ ಎಕ್ಸ್‌ಪೆರಿಮೆಂಟರ್ 2022ರಲ್ಲಿ ಅದೇ ಬೀದಿಗೆ ಬಂದು ಶಾಖೆ ತೆರೆಯಿತು. ಚಟರ್ಜಿ ಅಂಡ್ ಲಾಲ್, ಮಿರ್ಚಂದಾನಿ + ಸ್ಟೈನ್‌ರೂಕೆ, ತರ್ಕ್ ಎಲ್ಲವೂ ಈ ಇಪ್ಪತ್ತೈದು ವರ್ಷಗಳಲ್ಲಿ ಹುಟ್ಟಿದವು. ಒಂದು ಮಧ್ಯಾಹ್ನದಲ್ಲಿ ಕಾಲ್ನಡಿಗೆಯಲ್ಲೇ ಐದಾರು ಪ್ರದರ್ಶನ ನೋಡಬಹುದು. ಭಾರತದ ಬೇರೆ ಊರುಗಳಲ್ಲಿ ಈ ಅನುಕೂಲ ಅಪರೂಪ.

ಶಿಷ್ಯೆ: ಅಂಥ ಒಂದು ಪ್ರದರ್ಶನ ತಯಾರಾಗುವ ಬಗೆ ಹೇಗೆ? ಗೋಡೆಗೆ ಬರುವ ಮುಂಚೆ ಏನೇನು ನಡೆಯುತ್ತದೆ?

ಮೇಷ್ಟ್ರು: ಗ್ಯಾಲರಿಯೊಂದು ತನ್ನದೆಂದು ಹೇಳಿಕೊಳ್ಳುವ ಕಲಾವಿದರ ಒಂದು ಬಳಗವಿರುತ್ತದೆ. ಅವರಲ್ಲಿ ಒಬ್ಬೊಬ್ಬರಿಗೂ ಎರಡು ಮೂರು ವರ್ಷಕ್ಕೊಮ್ಮೆ ಏಕವ್ಯಕ್ತಿ ಪ್ರದರ್ಶನದ ಸರದಿ ಬರುತ್ತದೆ. ಮಾತುಕತೆ ಒಂದು ವರ್ಷ ಮುಂಚೆಯೇ ಶುರು. ಸ್ಟುಡಿಯೋಗೆ ಹೋಗಿ ನೋಡುವುದು, ಯಾವುದು ಬೇಕು ಯಾವುದು ಬೇಡ ಎಂದು ವಾದ ಮಾಡುವುದು, ಸಾಗಣೆ, ವಿಮೆ, ಫೋಟೋ, ಕ್ಯಾಟಲಾಗಿಗೆ ಒಬ್ಬ ವಿಮರ್ಶಕರಿಂದ ಬರಹ, ಬೆಳಕಿನ ವ್ಯವಸ್ಥೆ. ಈ ಖರ್ಚಿನ ಬಹುಪಾಲು ಗ್ಯಾಲರಿಯದೇ. ಪ್ರತಿಯಾಗಿ ಮಾರಾಟದ ಹಣದಲ್ಲಿ ಅರ್ಧಕ್ಕರ್ಧ ಹಂಚಿಕೆ ಎನ್ನುವುದು ವಾಡಿಕೆ. ಅರ್ಧವೆಂದರೆ ಹೆಚ್ಚಾಯಿತು ಎಂದು ಹೊರಗಿನವರಿಗೆ ಅನಿಸುತ್ತದೆ. ಒಂದು ಕೃತಿಯೂ ಮಾರಾಟವಾಗದ ಪ್ರದರ್ಶನಕ್ಕೂ ಕೊಲಾಬಾದ ಬಾಡಿಗೆ ಕಟ್ಟಬೇಕು ಎನ್ನುವುದನ್ನು ನೆನೆದರೆ ಲೆಕ್ಕ ಬೇರೆಯಾಗಿ ಕಾಣುತ್ತದೆ.

ಶಿಷ್ಯೆ: ಪ್ರದರ್ಶನಗಳು ಎಷ್ಟು ದಿನ ಇರುತ್ತವೆ?

ಮೇಷ್ಟ್ರು: ನಾಲ್ಕರಿಂದ ಆರು ವಾರ. ಮಳೆಗಾಲ ಕಳೆದ ಮೇಲೆ ಋತು ಆರಂಭ. ಅಕ್ಟೋಬರಿನಿಂದ ಮಾರ್ಚ್‌ವರೆಗೆ ಮುಖ್ಯ ಪ್ರದರ್ಶನಗಳು. ಬೇಸಿಗೆಯಲ್ಲಿ, ಮಳೆಯಲ್ಲಿ ಹೆಚ್ಚಾಗಿ ಸಮೂಹ ಪ್ರದರ್ಶನ. ಸಂಗ್ರಾಹಕರು ಊರಿನಲ್ಲಿರುವುದಿಲ್ಲ ಎನ್ನುವುದು ಒಂದು ಕಾರಣ, ಮುಂಬಯಿಯ ತೇವ ಕಾಗದದ ಕೃತಿಗಳಿಗೆ ಶತ್ರು ಎನ್ನುವುದು ಇನ್ನೊಂದು. 2012ರಿಂದ ಗ್ಯಾಲರಿಗಳೆಲ್ಲ ಕೂಡಿ ಮುಂಬಯಿ ಗ್ಯಾಲರಿ ವೀಕೆಂಡ್ ನಡೆಸುತ್ತಿವೆ. ಸಾಮಾನ್ಯವಾಗಿ ಅದು ಜನವರಿಯಲ್ಲಿ. ಆಗ ಪ್ರತಿ ಗ್ಯಾಲರಿಯೂ ತನ್ನಲ್ಲಿರುವ ಒಳ್ಳೆಯದನ್ನೇ ಗೋಡೆಗೆ ಏರಿಸುತ್ತದೆ. 2023ರಿಂದ ನವೆಂಬರಿನಲ್ಲಿ ಮಹಾಲಕ್ಷ್ಮಿ ರೇಸ್‌ಕೋರ್ಸಿನಲ್ಲಿ ಆರ್ಟ್ ಮುಂಬಯಿ ಎಂಬ ಕಲಾಮೇಳವೂ ನಡೆಯುತ್ತಿದೆ. ಮೇಳದಲ್ಲಿ ನೂರಾರು ಕೃತಿ ಒಟ್ಟಿಗೇ ಸಿಗುತ್ತವೆ, ನಿಜ. ಆದರೆ ಒಬ್ಬ ಕಲಾವಿದೆಯ ಮೂರು ವರ್ಷದ ಯೋಚನೆಯನ್ನು ಸಮಾಧಾನವಾಗಿ ಓದಬೇಕಾದರೆ ಗ್ಯಾಲರಿಯ ಏಕವ್ಯಕ್ತಿ ಪ್ರದರ್ಶನಕ್ಕೆ ಸಾಟಿ ಇಲ್ಲ.

ಶಿಷ್ಯೆ: ಅಲ್ಲಿ ನೋಡಸಿಗುವುದರ ಒಂದೆರಡು ಉದಾಹರಣೆ ಕೊಡಿ. ಸಮಕಾಲೀನ ಕಲೆ ಎಂದರೆ ಅರ್ಥವಾಗದ್ದು ಎಂಬ ಹೆದರಿಕೆ ಬಹಳ ಜನರಿಗಿದೆ.

ಮೇಷ್ಟ್ರು: ಅತುಲ್ ದೋಡಿಯಾ ಅವರ ಷಟರ್ ಚಿತ್ರಗಳನ್ನು ತೆಗೆದುಕೋ. ದೋಡಿಯಾ ಘಾಟ್ಕೋಪರಿನವರು. ಅಂಗಡಿಗಳಿಗೆ ಹಾಕುವ ಕಬ್ಬಿಣದ ರೋಲಿಂಗ್ ಷಟರನ್ನೇ ಅವರು ಕ್ಯಾನ್ವಾಸ್ ಮಾಡಿಕೊಂಡರು. ಗಲಭೆಯ ಸುದ್ದಿ ಹಬ್ಬಿದ ಕೂಡಲೇ ಸಾಲುಸಾಲಾಗಿ ಷಟರ್ ಇಳಿಯುವ ಊರು ಅದು. ‘ಮಹಾಲಕ್ಷ್ಮಿ’ ಎಂಬ ಕೃತಿಯಲ್ಲಿ ಇಳಿಬಿಟ್ಟ ಷಟರಿನ ಮೇಲೆ ಕ್ಯಾಲೆಂಡರಿನಲ್ಲಿ ಕಾಣುವಂಥ ಲಕ್ಷ್ಮಿಯ ಚಿತ್ರವಿದೆ. ಎನಾಮೆಲ್ ಬಣ್ಣ, ತಗಡಿನ ಪಟ್ಟಿಗಳ ಉಬ್ಬುತಗ್ಗಿನಲ್ಲಿ ದೇವಿಯ ಮುಖ ಅಲ್ಲಲ್ಲಿ ಮುರಿದಂತೆ ಕಾಣುತ್ತದೆ. ಷಟರ್ ಎತ್ತಿದರೆ ಹಿಂದೆ ಇನ್ನೊಂದು ಚಿತ್ರ: ವರದಕ್ಷಿಣೆಯ ಕಾರಣಕ್ಕೆ ನೇಣು ಹಾಕಿಕೊಂಡ ಮೂವರು ಅಕ್ಕತಂಗಿಯರು. ಸಂಪತ್ತಿನ ದೇವತೆಯ ಬೆನ್ನಿಗೆ ಮನೆಮಗಳ ಸಾವು. ಇದನ್ನು ಅರ್ಥ ಮಾಡಿಕೊಳ್ಳಲು ಕಲಾಶಾಲೆಯಲ್ಲಿ ಓದಿರಬೇಕಾಗಿಲ್ಲ. ನಮ್ಮ ಊರುಗಳಲ್ಲಿ ಬದುಕಿದ್ದರೆ ಸಾಕು.

ಶಿಷ್ಯೆ: ಹಿಂದಿನ ಚಿತ್ರ ಕಾಣಬೇಕಾದರೆ ಯಾರಾದರೂ ಷಟರ್ ಎತ್ತಲೇಬೇಕು. ಆ ಎತ್ತುವುದೂ ಕೃತಿಯ ಭಾಗವೇ ಅಲ್ಲವೇ?

ಮೇಷ್ಟ್ರು: ಖಂಡಿತ. ಅಚ್ಚಾದ ಫೋಟೋದಲ್ಲಿ ಅದು ಸಿಗುವುದಿಲ್ಲ. ಆ ಸದ್ದು, ಆ ಎತ್ತರ, ಮುಂದೆ ನಿಂತವರಿಗೆ ಆಗುವ ತಬ್ಬಿಬ್ಬು, ಅದಕ್ಕಾಗಿಯೇ ಕೃತಿಯ ಎದುರು ಹೋಗಿ ನಿಲ್ಲಬೇಕು ಎನ್ನುವುದು. ಇನ್ನೊಂದು ಉದಾಹರಣೆ ಪ್ರಭಾಕರ ಪಾಚಪುತೆ. ಚಂದ್ರಾಪುರ ಜಿಲ್ಲೆಯ ಸಾಸ್ತಿ ಎಂಬ ಊರಿನವರು, ಕಲ್ಲಿದ್ದಲು ಗಣಿಯಲ್ಲಿ ದುಡಿದ ಮನೆತನ. ಅವರು ಚಿತ್ರ ಬರೆಯುವುದು ಇದ್ದಿಲಿನಲ್ಲಿ, ಎಷ್ಟೋ ಸಲ ನೇರವಾಗಿ ಗೋಡೆಯ ಮೇಲೆ. ಗಣಿ ಕಾರ್ಮಿಕನ ಮೈಗೆ ತಲೆ ಇರಬೇಕಾದಲ್ಲಿ ಗಣಿಯ ಸಲಕರಣೆ ಇರುತ್ತದೆ. ಅಗೆದು ಬಗೆದ ನೆಲವೇ ಒಂದು ಪ್ರಾಣಿಯಂತೆ ಎದ್ದು ನಿಂತಿರುತ್ತದೆ. ಹತ್ತಿರ ಹೋದರೆ ಬೆರಳಿನಿಂದ ಉಜ್ಜಿದ ಗುರುತು, ಗೋಡೆಯ ಬುಡದಲ್ಲಿ ಉದುರಿದ ಕಪ್ಪು ಪುಡಿ. ಮುಂಬಯಿಯಲ್ಲಿ ಅವರಿಗೆ ಮೊದಲು ಜಾಗ ಕೊಟ್ಟದ್ದು ಲಾಭಕ್ಕಾಗಿ ನಡೆಸದ ಕ್ಲಾರ್ಕ್ ಹೌಸ್ ಇನಿಶಿಯೇಟಿವ್. ವ್ಯಾಪಾರದ ಗ್ಯಾಲರಿ ಎಕ್ಸ್‌ಪೆರಿಮೆಂಟರ್ ಜೊತೆಯಾದದ್ದು ಅದರ ಬಳಿಕ. ಗ್ಯಾಲರಿಗಳ ಬಗ್ಗೆ ಮಾತಾಡುವಾಗ ಈ ಕ್ರಮ ಮರೆಯಬಾರದು. ಅಪಾಯದ ಮೊದಲ ಹೆಜ್ಜೆಯನ್ನು ಅನೇಕ ಸಲ ಇಡುವುದು ದುಡ್ಡಿಲ್ಲದ ಸಣ್ಣ ಕೂಟಗಳು. ಬೆಂಗಳೂರಿನಲ್ಲಿ ನಂ. 1 ಶಾಂತಿರೋಡ್ ಆ ಕೆಲಸ ಮಾಡುತ್ತ ಬಂದಿದೆ.

ಶಿಷ್ಯೆ: ಗೋಡೆಯ ಮೇಲೆ ಬರೆದ ಚಿತ್ರವನ್ನು ಮಾರುವುದು ಹೇಗೆ? ಪ್ರದರ್ಶನ ಮುಗಿದ ಮೇಲೆ ಸುಣ್ಣ ಬಳಿಯುತ್ತಾರಲ್ಲ.

ಮೇಷ್ಟ್ರು: ಬಳಿಯುತ್ತಾರೆ. ಗೋಡೆಚಿತ್ರ ಹೋಗುತ್ತದೆ. ಜೊತೆಗಿಟ್ಟ ಕಾಗದದ, ಕ್ಯಾನ್ವಾಸಿನ ಚಿತ್ರಗಳು, ಸಣ್ಣ ಶಿಲ್ಪಗಳು ಮಾರಾಟಕ್ಕಿರುತ್ತವೆ. ಕೆಲವರು ಗೋಡೆಚಿತ್ರವನ್ನು ಮತ್ತೊಂದು ಕಡೆ ಬರೆಸಿಕೊಳ್ಳುವ ಹಕ್ಕನ್ನೇ ಕೊಳ್ಳುತ್ತಾರೆ. ಕೈಗೆ ಬರುವುದು ಒಂದು ಪ್ರಮಾಣಪತ್ರ ಮತ್ತು ಸೂಚನೆಗಳು. ವಿಡಿಯೋ, ಫೋಟೋಗಳಲ್ಲಿ ಇಂತಿಷ್ಟೇ ಪ್ರತಿ ಎಂದು ಮೊದಲೇ ನಿಗದಿ ಮಾಡಿ ಸಂಖ್ಯೆ ಬರೆದು ಮಾರುತ್ತಾರೆ. ಗ್ಯಾಲರಿಯಲ್ಲಿ ಕಾಣುವ ಎಲ್ಲವೂ ಮಾರುವ ಸರಕಲ್ಲ, ಮಾರದಿದ್ದದ್ದು ಮಾರುವುದಕ್ಕೆ ಘನತೆ ತರುತ್ತದೆ ಎನ್ನುವ ಲೆಕ್ಕವೂ ಅದರಲ್ಲಿದೆ. ಕುಂದಾಪುರದ ಬಳಿಯ ಕೋಟೇಶ್ವರದ ಎಲ್. ಎನ್. ತಲ್ಲೂರ್ ಈ ದುಡ್ಡಿನ ಸಂಬಂಧವನ್ನೇ ಕೃತಿಯೊಳಕ್ಕೆ ಎಳೆದರು. ಅವರ ‘ಕ್ರೊಮ್ಯಾಟೊಫೋಬಿಯಾ’ದಲ್ಲಿ ನೋಡಲು ಬಂದವರು ಮರದ ದಿಮ್ಮಿಗೆ ಸುತ್ತಿಗೆಯಿಂದ ಒಂದು ನಾಣ್ಯ ಹೊಡೆದು ಕೂರಿಸಬೇಕು. ಹರಕೆ ಹೊತ್ತು ಕಾಸು ಹಾಕುವುದು ನಮಗೆ ರೂಢಿ. ಆ ರೂಢಿ ಅಲ್ಲಿ ಕೈಗೆ ಪೆಟ್ಟಿನ ಅದುರಾಗಿ ಬರುತ್ತದೆ.

ಶಿಷ್ಯೆ: ಬೆಲೆಯ ವಿಷಯಕ್ಕೆ ಬರೋಣ. ಕೃತಿಯ ಪಕ್ಕದ ಚೀಟಿಯಲ್ಲಿ ಹೆಸರು, ವರ್ಷ, ಮಾಧ್ಯಮ ಇರುತ್ತದೆ. ಬೆಲೆ ಮಾತ್ರ ಇರುವುದಿಲ್ಲ.

ಮೇಷ್ಟ್ರು: ಬೆಲೆಪಟ್ಟಿ ಮೇಜಿನ ಬಳಿ ಇರುತ್ತದೆ, ಕೇಳಿದರೆ ಕೊಡುತ್ತಾರೆ. ಮಾರಾಟವಾದದ್ದಕ್ಕೆ ಕೆಂಪು ಚುಕ್ಕಿ ಅಂಟಿಸುವ ಪದ್ಧತಿ ಹಲವೆಡೆ ಇದೆ. ಸ್ಟುಡಿಯೋದಿಂದ ಹೊಸದಾಗಿ ಬಂದ ಕೃತಿಯ ಮೊದಲ ಮಾರಾಟ ಗ್ಯಾಲರಿಯಲ್ಲಿ ನಡೆಯುತ್ತದೆ. ಕೊಂಡವರು ಮುಂದೆ ಮಾರಿದರೆ ಅದು ಎರಡನೆಯ ಪೇಟೆ, ಹೆಚ್ಚಾಗಿ ಹರಾಜು. ಪತ್ರಿಕೆಯಲ್ಲಿ ಕೋಟಿಗಳ ಸುದ್ದಿ ಬರುವುದು ಹರಾಜಿನಿಂದ. 2002ರಲ್ಲಿ ತಯ್ಯೆಬ್ ಮೆಹ್ತಾ ಅವರ ‘ಸೆಲೆಬ್ರೇಶನ್’ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ ಸುಮಾರು ಒಂದೂವರೆ ಕೋಟಿ ರೂಪಾಯಿಗೆ ಹೋದಾಗ ದೇಶವೇ ಬೆರಗಾಯಿತು. 2025ರ ಮಾರ್ಚಿನಲ್ಲಿ ಹುಸೇನರ ‘ಗ್ರಾಮ ಯಾತ್ರಾ’ ಅಲ್ಲೇ 1.37 ಕೋಟಿ ಡಾಲರಿಗೂ ಮೀರಿ, ಅಂದರೆ ನೂರು ಕೋಟಿ ರೂಪಾಯಿಗೂ ಹೆಚ್ಚಿಗೆ ಮಾರಾಟವಾಯಿತು. 1954ರಲ್ಲಿ ಆ ಚಿತ್ರ ಕೊಂಡವರು ನಾರ್ವೆಯ ಒಬ್ಬ ವೈದ್ಯರು.

ಶಿಷ್ಯೆ: ಮರುಮಾರಾಟದಲ್ಲಿ ಕಲಾವಿದರಿಗೆ ಏನೂ ಸಿಗುವುದಿಲ್ಲವೇ?

ಮೇಷ್ಟ್ರು: ನಮ್ಮ ಕೃತಿಸ್ವಾಮ್ಯ ಕಾಯಿದೆಯ 53ಎ ಕಲಂ ಪ್ರಕಾರ ಸಿಗಬೇಕು. ಬೆಲೆ ಹತ್ತು ಸಾವಿರ ರೂಪಾಯಿ ಮೀರಿದ ಮೂಲಕೃತಿ ಮರುಮಾರಾಟವಾದರೆ ಕಲಾವಿದರಿಗೆ ಅಥವಾ ವಾರಸುದಾರರಿಗೆ ಶೇ 10 ಮೀರದಂತೆ ಪಾಲು ಕೊಡಬೇಕೆಂದು ಅದು ಹೇಳುತ್ತದೆ. ಕಾಯಿದೆ ಪುಸ್ತಕದಲ್ಲಿದೆ, ಬಳಕೆಯಲ್ಲಿ ಬಹುಮಟ್ಟಿಗೆ ಇಲ್ಲ. ಇದು ದೊಡ್ಡ ಅನ್ಯಾಯ. ಯೌವನದಲ್ಲಿ ಬಾಡಿಗೆಗೂ ಪರದಾಡುತ್ತ ಮಾರಿದ ಚಿತ್ರ ಕೋಟಿಗೆ ಹೋಗುವಾಗ ಬರೆದವರ ಮನೆಗೆ ಬಿಡಿಗಾಸೂ ಬರುವುದಿಲ್ಲ. ಸರಕಾರ ತೆರಿಗೆಯ ಕಡೆಗೆ ಮಾತ್ರ ಸ್ವಲ್ಪ ಕಣ್ಣು ಬಿಟ್ಟಿದೆ. ಕಲಾಕೃತಿಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರಿನಲ್ಲಿ ಶೇ 12ರಿಂದ ಶೇ 5ಕ್ಕೆ ಇಳಿಯಿತು.

ಶಿಷ್ಯೆ: ಪೇಟೆಯ ಏರಿಳಿತ ಗೋಡೆಯ ಮೇಲೂ ಕಾಣುತ್ತದೆಯೇ?

ಮೇಷ್ಟ್ರು: ಕಾಣದೆ ಇರುತ್ತದೆಯೇ? 2005ರಿಂದ 2008ರವರೆಗೆ ಬೆಲೆ ಗಗನಕ್ಕೇರಿತ್ತು. ಬೋಧಿ ಆರ್ಟ್ ಎಂಬ ಗ್ಯಾಲರಿ ದಿಲ್ಲಿ, ಮುಂಬಯಿಯಿಂದ ಸಿಂಗಪುರ, ನ್ಯೂಯಾರ್ಕ್, ಬರ್ಲಿನ್‌ವರೆಗೆ ಶಾಖೆ ಚಾಚಿತು. 2008ರ ಆರ್ಥಿಕ ಕುಸಿತ ಬಂದ ಮೇಲೆ ಮುಚ್ಚಿತು. ಏರಿಕೆಯ ದಿನಗಳಲ್ಲಿ ದೊಡ್ಡ ಅಳತೆಯ, ಥಟ್ಟನೆ ಗುರುತು ಹಿಡಿಯಬಹುದಾದ ಶೈಲಿಯ ಕೃತಿಗಳಿಗೆ ಬೇಡಿಕೆ. ಅದೇ ಚಿತ್ರವನ್ನು ಸ್ವಲ್ಪ ತಿದ್ದಿ ಮತ್ತೆ ಮತ್ತೆ ಬರೆಯುವ ಒತ್ತಾಯ ಕಲಾವಿದರ ಮೇಲೆ ಬೀಳುತ್ತದೆ. ಇಳಿಕೆಯಲ್ಲಿ ಗ್ಯಾಲರಿಗಳು ಹೊಸಬರನ್ನು ಕೈಬಿಟ್ಟು ಹೆಸರಾದವರ ಹಳೆಯ ಚಿತ್ರಗಳಿಗೆ ಮರಳುತ್ತವೆ. ಪ್ರದರ್ಶನ ನೋಡುವವರು ಇದನ್ನು ತಲೆಯಲ್ಲಿಟ್ಟುಕೊಂಡೇ ನೋಡಬೇಕು. ಈ ಕೃತಿಯ ಅಳತೆ ಅದರ ಮಾತಿಗೆ ಬೇಕಾಗಿತ್ತೇ, ಇಲ್ಲ ಯಾರದ್ದೋ ಹಜಾರದ ಗೋಡೆಗೆ ಬೇಕಾಗಿತ್ತೇ ಎಂದು ಕೇಳಿಕೊಳ್ಳುವುದು ತಪ್ಪಲ್ಲ.

ಶಿಷ್ಯೆ: ಅಂದಮೇಲೆ ಈ ಕಾಲದ ಕಲೆಯಲ್ಲಿ ಯಾವುದು ಜನರ ಕಣ್ಣಿಗೆ ಬೀಳಬೇಕು ಎನ್ನುವುದನ್ನು ವ್ಯಾಪಾರಿಗಳೇ ತೀರ್ಮಾನಿಸಿದಂತಾಯಿತು. ಆ ಕೆಲಸ ಸಾರ್ವಜನಿಕ ಮ್ಯೂಸಿಯಂನದ್ದಲ್ಲವೇ?

ಮೇಷ್ಟ್ರು: ಆಗಬೇಕಿತ್ತು. ಮುಂಬಯಿಗೆ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯ ಶಾಖೆ ಬಂದದ್ದು 1996ರಲ್ಲಿ, ಬೆಂಗಳೂರಿಗೆ 2009ರಲ್ಲಿ. ಮುಂಬಯಿಯ ಕಟ್ಟಡದಲ್ಲಿ ಬಂದುಹೋಗುವ ಪ್ರದರ್ಶನಗಳೇ ಹೆಚ್ಚು. ಬೈಕಲಾದ ಭಾವು ದಾಜಿ ಲಾಡ್ ಮ್ಯೂಸಿಯಂ 2008ರಲ್ಲಿ ಜೀರ್ಣೋದ್ಧಾರವಾಗಿ ತೆರೆದ ಮೇಲೆ ಜೀವಂತ ಕಲಾವಿದರನ್ನು ಕರೆದು ತನ್ನ ಹಳೆಯ ಗಾಜಿನ ಕಪಾಟುಗಳ ನಡುವೆ ಅವರ ಕೃತಿಗಳನ್ನು ಇಡಿಸಿತು. 2010ರಲ್ಲಿ ಮಂಗಳೂರು ಮೂಲದ ಸುದರ್ಶನ ಶೆಟ್ಟಿ, 2011ರಲ್ಲಿ ತಲ್ಲೂರ್ ಅಲ್ಲಿ ಪ್ರದರ್ಶನ ಕೊಟ್ಟರು. ಇವು ಒಳ್ಳೆಯ ಹೆಜ್ಜೆಗಳು, ಆದರೆ ಸಾಲವು. ಈಚೆಗೆ ದೊಡ್ಡ ಸಂಗ್ರಹ ಕಟ್ಟುತ್ತಿರುವುದು ಖಾಸಗಿಯವರು. ದಿಲ್ಲಿಯಲ್ಲಿ ಕಿರಣ್ ನಾಡರ್ ಮ್ಯೂಸಿಯಂ, ಬೆಂಗಳೂರಿನಲ್ಲಿ 2023ರಲ್ಲಿ ಸ್ವಂತ ಕಟ್ಟಡ ತೆರೆದ ಮ್ಯಾಪ್ (ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ). ಹೀಗಾಗಿ ಕಳೆದ ಅರವತ್ತು ವರ್ಷಗಳ ಮುಂಬಯಿಯ ಕಲೆಯಲ್ಲಿ ಬಹಳಷ್ಟನ್ನು ಜನ ಮೊದಲು ಕಂಡದ್ದು ವ್ಯಾಪಾರದ ಗ್ಯಾಲರಿಗಳ ಗೋಡೆಯ ಮೇಲೆ. ವಾರ್ಲಿ ಕಲಾವಿದ ಜಿವ್ಯಾ ಸೋಮಾ ಮಶೆ ಅವರ ಚಿತ್ರಗಳನ್ನು 1970ರ ದಶಕದಲ್ಲೇ ನಗರದವರಿಗೆ ತೋರಿಸಿದ್ದೂ ಕೆಮೌಲ್ಡ್. ಸರಕಾರಿ ಮ್ಯೂಸಿಯಂ ಮಾಡದ ಕೆಲಸವನ್ನು ಅಂಗಡಿ ಮಾಡಿದೆ. ಅದಕ್ಕೆ ಮನ್ನಣೆ ಸಲ್ಲಬೇಕು. ಅಂಗಡಿಯ ಮೇಲೆ ಇಷ್ಟೊಂದು ಭಾರ ಹಾಕಿದ್ದು ನಗರದ ಸೋಲು ಎನ್ನುವುದನ್ನೂ ಹೇಳಲೇಬೇಕು.

ಶಿಷ್ಯೆ: ಯಾರ ಕೃತಿ ಆ ಗೋಡೆಗಳಿಗೆ ಬರುವುದಿಲ್ಲ?

ಮೇಷ್ಟ್ರು: ಪರಿಚಯ ಇಲ್ಲದವರದು, ಇಂಗ್ಲಿಷಿನಲ್ಲಿ ತಮ್ಮ ಕೆಲಸವನ್ನು ವಿವರಿಸಲಾರದವರದು, ಬರೋಡಾ, ಜೆ. ಜೆ., ಶಾಂತಿನಿಕೇತನದಂಥ ಶಾಲೆಗಳ ಬಳಗಕ್ಕೆ ಸೇರದವರದು. ದಲಿತ ಕಲಾವಿದರಿಗೆ ಬಾಗಿಲು ತೆರೆದದ್ದು ತೀರ ಈಚೆಗೆ. ವಿಖ್ರೋಳಿಯ ವಿಕ್ರಾಂತ್ ಭಿಸೆ ಅಂಬೇಡ್ಕರ್ ಚಳವಳಿಯ ಜನಸಾಗರವನ್ನು ಬರೆಯುತ್ತಾರೆ. ಅಂಥ ಚಿತ್ರಗಳು ಗ್ಯಾಲರಿಗಳಲ್ಲಿ, ಮೇಳಗಳಲ್ಲಿ ಕಾಣತೊಡಗಿದ್ದು ಕಳೆದ ಕೆಲವೇ ವರ್ಷಗಳಲ್ಲಿ. ಆ ಚಳವಳಿಯ ನಗರವೇ ಆಗಿದ್ದ ಮುಂಬಯಿಗೆ ಇದು ಬಹಳ ತಡ.

ಶಿಷ್ಯೆ: ನೋಡುವವರ ಕಡೆಯಿಂದಲೂ ಅಡ್ಡಿಗಳಿವೆ. ಕೆಳಗೆ ಕಾವಲುಗಾರ, ಹಳೆಯ ಲಿಫ್ಟು, ಮುಚ್ಚಿದ ಬಾಗಿಲಿಗೆ ಕರೆಗಂಟೆ. ಕೊಳ್ಳುವವರಿಗಷ್ಟೇ ಪ್ರವೇಶ ಎಂದು ತಿಳಿದು ಎಷ್ಟೋ ಜನ ಬೀದಿಯಿಂದಲೇ ಹಿಂದಿರುಗುತ್ತಾರೆ.

ಮೇಷ್ಟ್ರು: ಹಿಂದಿರುಗಬೇಕಾಗಿಲ್ಲ. ಟಿಕೆಟ್ ಇಲ್ಲ, ಕೊಳ್ಳುವ ಬಲವಂತ ಇಲ್ಲ, ಎಷ್ಟು ಹೊತ್ತು ನಿಂತರೂ ಹೊರಡಿ ಎನ್ನುವವರಿಲ್ಲ. ಗಂಟೆ ಒತ್ತಿ ಒಳಗೆ ಹೋಗಬೇಕು. ಮೇಜಿನ ಬಳಿ ಇರುವ ವಿವರದ ಹಾಳೆ ಕೇಳಿ ಪಡೆಯಬೇಕು. ಅದನ್ನು ಕೂಡಲೇ ಓದುವುದು ಬೇಡ. ಮೊದಲು ಒಂದು ಸುತ್ತು ಬರಿಗಣ್ಣಿನಿಂದ ನೋಡಿ, ಮನಸ್ಸು ನಿಂತ ಒಂದೆರಡು ಕೃತಿಗಳ ಬಳಿ ಹೆಚ್ಚು ಹೊತ್ತು ಇದ್ದು, ಆಮೇಲೆ ಓದಿದರೆ ಹಾಳೆಯ ಮಾತನ್ನು ಒಪ್ಪಲೂ ಬಹುದು, ತಳ್ಳಿಹಾಕಲೂ ಬಹುದು. ಅಲ್ಲಿ ಕೆಲಸ ಮಾಡುವ ಹುಡುಗ ಹುಡುಗಿಯರಲ್ಲಿ ಅನೇಕರು ಕಲೆ ಓದಿದವರು, ಕೇಳಿದರೆ ಸಂತೋಷದಿಂದ ವಿವರಿಸುತ್ತಾರೆ.

ಶಿಷ್ಯೆ: ಆ ಹಾಳೆ ಇಂಗ್ಲಿಷಿನಲ್ಲೇ ಇರುತ್ತದಲ್ಲ. ಮುಂಬಯಿಯಲ್ಲಿ ಮರಾಠಿಯಲ್ಲಿಲ್ಲ, ಬೆಂಗಳೂರಿನ ಖಾಸಗಿ ಗ್ಯಾಲರಿಗಳಲ್ಲೂ ಕನ್ನಡದಲ್ಲಿ ಸಿಗುವುದು ಅಪರೂಪ.

ಮೇಷ್ಟ್ರು: ಅದು ಸುಲಭವಾಗಿ ಸರಿಪಡಿಸಬಹುದಾದ ಕೊರತೆ. ಲಕ್ಷಗಟ್ಟಲೆ ಖರ್ಚು ಮಾಡಿ ಪ್ರದರ್ಶನ ಏರ್ಪಡಿಸುವವರಿಗೆ ಊರಿನ ಭಾಷೆಯಲ್ಲಿ ಒಂದು ಪುಟ ಅಚ್ಚು ಹಾಕಿಸುವುದು ಹೊರೆಯಲ್ಲ. ಕೇಳುವವರು ಇಲ್ಲದ್ದರಿಂದ ಮಾಡುತ್ತಿಲ್ಲ. ಬಹಳಷ್ಟು ಗ್ಯಾಲರಿಗಳಲ್ಲಿ ಬಂದವರು ಅಭಿಪ್ರಾಯ ಬರೆಯುವ ಪುಸ್ತಕವಿರುತ್ತದೆ. ಮುಂಬಯಿಯ ಕೆಮೌಲ್ಡಿಗೆ ಹೋದರೂ, ಬೆಂಗಳೂರಿನ ಸುಮುಖ ಗ್ಯಾಲರಿಗೆ ಹೋದರೂ ಅದರಲ್ಲಿ ಕನ್ನಡದಲ್ಲೇ ಬರೆಯಿರಿ. ಮುಂದಿನ ಪ್ರದರ್ಶನಕ್ಕೆ ಊರಿನ ಭಾಷೆಯಲ್ಲೂ ಒಂದು ಹಾಳೆ ಬೇಕೆಂದು ಕೇಳಿ, ಕೆಳಗೆ ಹೆಸರು ಬರೆದು ಬನ್ನಿ.